ಗೌರೀಬಿದನೂರಿನ ಭೂಕಂಪಮಾಪಕ ಶ್ರೇಣಿ: ಗದ್ದಲದಿಂದ ಸಂಕೇತವನ್ನು ಬೇರ್ಪಡಿಸಿದ ಬಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಗಾಳಿ ಬೀಸುವ ದಿನ ನಿಂತವರಿಗೆ, ಕೆಲವು ಮಾರು ದೂರದಲ್ಲಿ ಬಿದ್ದ ಕಲ್ಲಿನಿಂದೆದ್ದ ಅಲೆಯನ್ನು ಗುರುತಿಸುವುದು ದುಸ್ತರ. ಆ ಅಲೆ ಇಲ್ಲವೆಂದಲ್ಲ; ಇತರ ಅಲೆಗಳಲ್ಲಿ ಅದು ಅಡಗಿಹೋಗಿರುತ್ತದೆ. ಮಾಪನಶಾಸ್ತ್ರದಲ್ಲಿ ಗದ್ದಲವೆಂದು ಕರೆಯುವುದು ಇದನ್ನೇ. ಈ ತೊಡಕು ಒಂದು ಕಾಲದಲ್ಲಿ ರಾಷ್ಟ್ರಗಳ ನಡುವಣ ಒಪ್ಪಂದಕ್ಕೂ ಅಡ್ಡಿಯಾಗಿತ್ತು. ಅದರ ಪರಿಹಾರಕ್ಕಾಗಿ ನಮ್ಮ ನಾಡಿನಲ್ಲಿ ನಡೆದ ಪ್ರಯತ್ನವೊಂದನ್ನು ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ.

1958ರ ಬೇಸಗೆಯಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು ಪರಮಾಣು ಸ್ಫೋಟಗಳನ್ನು ದೂರದಿಂದ ಪತ್ತೆಹಚ್ಚುವ ಮಾರ್ಗಗಳನ್ನು ಚರ್ಚಿಸಿದರು. ಆದರೆ 1963ರ ಒಪ್ಪಂದವು ವಾಯುಮಂಡಲ, ಬಾಹ್ಯಾಕಾಶ ಹಾಗೂ ಜಲಾಂತರ್ಭಾಗದ ಪರೀಕ್ಷೆಗಳನ್ನು ಮಾತ್ರ ನಿಷೇಧಿಸಿತು. ಭೂಗರ್ಭದ ಪರೀಕ್ಷೆ ಹೊರಗುಳಿಯಿತು. ಸಣ್ಣ ಸ್ಫೋಟದ ಕಂಪನವನ್ನು ನಿಸ್ಸಂದೇಹವಾಗಿ ಗುರುತಿಸಲಾಗದು ಎಂಬ ಶಂಕೆ ಇದಕ್ಕೊಂದು ಮುಖ್ಯ ಕಾರಣ. ಸ್ಥಳ ತನಿಖೆ ವರ್ಷಕ್ಕೆ ಏಳು ಬಾರಿ ನಡೆಯಬೇಕೆಂದು ಅಮೆರಿಕವೂ ಮೂರಕ್ಕೆ ಮೀರಬಾರದೆಂದು ಸೋವಿಯತ್ ಒಕ್ಕೂಟವೂ ಪಟ್ಟುಹಿಡಿದಿದ್ದವು. ಉಪಕರಣವು ಸ್ಪಷ್ಟವಾಗಿ ಹೇಳಬಲ್ಲದಾಗಿದ್ದರೆ ತನಿಖೆಯ ಅಗತ್ಯವೇ ಅಷ್ಟು ಕಡಿಮೆಯಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ 1965ರಲ್ಲಿ, ಅಂದಿನ ಕೋಲಾರ ಜಿಲ್ಲೆಯ ಗೌರೀಬಿದನೂರಿನಲ್ಲಿ, ಟ್ರಾಂಬೆಯ ಪರಮಾಣುಶಕ್ತಿ ಸಂಸ್ಥೆಯು (1967ರಿಂದ ಭಾಭಾ ಪರಮಾಣು ಸಂಶೋಧನ ಕೇಂದ್ರ) ಬ್ರಿಟನ್ನಿನ ಸಹಯೋಗದಿಂದ ಶ್ರೇಣಿಯೊಂದನ್ನು ಸ್ಥಾಪಿಸಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗಾಗಳಲ್ಲಿರುವುವು ಇದರ ಸೋದರ ಶ್ರೇಣಿಗಳು. ಸಮಕೋನದಲ್ಲಿ ಕೂಡುವ, ತಲಾ ಸುಮಾರು 25 ಕಿಲೋಮೀಟರ್ ಉದ್ದದ ಎರಡು ಬಾಹುಗಳಲ್ಲಿ ಒಟ್ಟು 20 ಮಾಪಕಗಳನ್ನು ಗಟ್ಟಿ ಶಿಲೆಯ ಮೇಲೆ ಇರಿಸಲಾಯಿತು.

ಗದ್ದಲದ ಮೂಲಗಳು ಮೂರು. ಮೊದಲನೆಯದು ಸಮುದ್ರದ ಅಲೆಗಳಿಂದ ನೆಲದಲ್ಲಿ ಸದಾ ಹುಟ್ಟುವ ಸೂಕ್ಷ್ಮಕಂಪ. ಇದರ ಆವರ್ತಕಾಲ ಹಲವು ಸೆಕೆಂಡುಗಳು. ದೂರದ ಸ್ಫೋಟದಿಂದ ಬರುವ ಅಲೆಯದಾದರೋ ಸುಮಾರು ಒಂದು ಸೆಕೆಂಡು. ಆದ್ದರಿಂದ ಶೋಧಕವೊಂದರಿಂದ ಇದನ್ನು ಬಹುಮಟ್ಟಿಗೆ ಸೋಸಿ ತೆಗೆಯಬಹುದು. ಎರಡನೆಯದು ಗಾಳಿ, ಪಂಪು, ಬಂಡಿಗಳಿಂದಾಗುವ ಸ್ಥಳೀಯ ಅಲುಗಾಟ. ಮೂರನೆಯದು ಸಾಗಣೆಯಲ್ಲೂ ಲೇಖನದಲ್ಲೂ ಸೇರುವ ದೋಷ. ಸಂಕೇತವನ್ನು ರೇಡಿಯೋ ಮೂಲಕ ಕಳುಹಿಸುವಾಗ ಅದರ ಪ್ರಬಲತೆ ಏರಿಳಿಯುತ್ತದೆ. ಆ ಕಾರಣದಿಂದಲೇ ಅಳತೆಯನ್ನು ವಾಹಕತರಂಗದ ಆವೃತ್ತಿಯಲ್ಲಿ ಅಡಕಗೊಳಿಸುವ ಪದ್ಧತಿಯನ್ನು ಅನುಸರಿಸಲಾಯಿತು. ಪ್ರಬಲತೆ ತಗ್ಗಿದರೂ ಆವೃತ್ತಿ ಕೆಡದು. ಆದರೆ ಇಂತಹ ಪದ್ಧತಿಯಲ್ಲಿ ಕಾಂತೀಯ ಟೇಪಿನ ವೇಗ ವ್ಯತ್ಯಾಸವಾದರೆ ಅದೇ ಹುಸಿಕಂಪನವಾಗಿ ತೋರುತ್ತದೆಂಬುದನ್ನು ಮರೆಯಲಾಗದು.

ದೋಷದ ನೆಲೆಯನ್ನು ಅರಿಯಲು ಶ್ರೇಣಿಯೇ ಸಾಧನ. ಕಲಕು ಒಂದೇ ವಾಹಿನಿಯಲ್ಲಿ ಕಂಡರೆ ಆ ಮಾಪಕವನ್ನೋ ಅದರ ಸಂಪರ್ಕವನ್ನೋ ಪರೀಕ್ಷಿಸಬೇಕು. ಎಲ್ಲದರಲ್ಲೂ ಒಂದೇ ಕ್ಷಣದಲ್ಲಿ ಕಂಡರೆ ಮೊದಲು ಶಂಕಿಸಬೇಕಾದುದು ಎಲ್ಲಕ್ಕೂ ಸಾಮಾನ್ಯವಾದ ಲೇಖನಯಂತ್ರವನ್ನು. ಮಾಪಕದಿಂದ ಮಾಪಕಕ್ಕೆ ಕ್ರಮವಾಗಿ ತಡವಾಗುತ್ತ ಸಾಗಿದರೆ ಅದು ನೆಲದೊಳಗಿನ ಅಲೆ.

ದೂರದ ಅಲೆಯು ಒಂದು ಬಾಹುವನ್ನು ದಾಟಲು ಒಂದೆರಡು ಸೆಕೆಂಡು ಹಿಡಿಯಬಹುದು. ದಾಖಲೆಗಳನ್ನು ಹಾಗೆಯೇ ಕೂಡಿದರೆ ಉಬ್ಬು ತಗ್ಗುಗಳು ಪರಸ್ಪರ ಅಳಿಸಿಹೋಗುತ್ತವೆ. ತಡವನ್ನು ಸರಿದೂಗಿಸಿ ಕೂಡಿದರೆ ಸಂಕೇತ 20 ಪಟ್ಟಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲವಾದರೋ 20ರ ವರ್ಗಮೂಲದಷ್ಟು, ಎಂದರೆ ಸುಮಾರು ನಾಲ್ಕೂವರೆ ಪಟ್ಟು ಮಾತ್ರ ಬೆಳೆಯುತ್ತದೆ. ನಿವ್ವಳ ಲಾಭವೂ ಸುಮಾರು ನಾಲ್ಕೂವರೆ ಪಟ್ಟೇ. ಎಲ್ಲ ಮಾಪಕಗಳಿಗೂ ಒಂದೇ ಬಗೆಯಲ್ಲಿ ತಗಲುವ ಗದ್ದಲಕ್ಕೆ ಈ ಲೆಕ್ಕ ಅನ್ವಯಿಸದು. ಮಾಪಕಗಳನ್ನು ದೂರದೂರ ಇರಿಸಿದುದರ ಔಚಿತ್ಯ ಇಲ್ಲಿದೆ.

ಸಂಕೇತ ಕಂಡ ಮಾತ್ರಕ್ಕೆ ಅದು ಸ್ಫೋಟವೋ ಭೂಕಂಪವೋ ಎಂಬುದು ತೀರ್ಮಾನವಾಗದು. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು. ಆದರೂ ಕಾಣದುದನ್ನು ವಿಚಾರಿಸುವಂತಿಲ್ಲ. 1996ರ ಸಮಗ್ರ ನಿಷೇಧ ಒಪ್ಪಂದಕ್ಕೆ ಭಾರತ ಸಹಿಹಾಕಲಿಲ್ಲವಾದರೂ, ಅದರ ಪರಿಶೀಲನ ವ್ಯವಸ್ಥೆ ಆಧರಿಸಿರುವ ವಿದ್ಯೆಯ ಒಂದು ಪಾಲು ಗೌರೀಬಿದನೂರಿನಂತಹ ಶ್ರೇಣಿಗಳಲ್ಲಿ ಪಕ್ವವಾದುದು. ಒಂದೇ ಮಾಪಕವನ್ನು ಎಷ್ಟು ಸೂಕ್ಷ್ಮಗೊಳಿಸಿದರೂ ಗದ್ದಲವೂ ಅದರೊಡನೆ ಹಿಗ್ಗುತ್ತದೆ; ಹಲವು ಸಾಕ್ಷಿಗಳನ್ನು ಕಾಲಕ್ರಮವರಿತು ಕೂಡಿಸಿ ಕೇಳಿದಾಗಲೇ ನಿಜ ಹೊರಬೀಳುತ್ತದೆ ಎಂಬುದು ಈ ಇತಿಹಾಸದಿಂದ ನಾವು ತಿಳಿಯಬೇಕಾದ ಅಂಶ.