ದೊಡ್ಡಮ್ಮನ ದಮ್ಮು ಮತ್ತು ಕೊಬ್ಬಿನ ಗುಳಿಗೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನ ರಕ್ತಪರೀಕ್ಷೆಯ ಚೀಟಿ ನನ್ನ ಕೈಗೆ ಬಂತು. ನಮ್ಮ ಮನೆಯಲ್ಲಿ ಇಂಗ್ಲಿಷಿನ ಯಾವ ಕಾಗದ ಬಂದರೂ ಬೆಂಗಳೂರಿಂದ ಬಂದವನೇ ಓದಬೇಕು ಅನ್ನೋದು ಅಲಿಖಿತ ನಿಯಮ (ನಾನು ಓದಿದ್ದು ಕಾಮರ್ಸು, ಅದು ಬೇರೆ ವಿಷಯ). ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು. ಹತ್ತು ವರ್ಷದಿಂದ ದಮ್ಮು. ಡಾಕ್ಟರ ಭಾಷೆಯಲ್ಲಿ ಸಿಒಪಿಡಿ. ಬೀಡಿ ಸಿಗರೇಟು ಮುಟ್ಟಿದವಳಲ್ಲ, ಆದರೆ ಅಡುಗೆ ಒಲೆ, ಬಚ್ಚಲೊಲೆ, ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸುವ ಹಂಡೆಯ ಒಲೆ, ಹೀಗೆ ಐವತ್ತು ವರ್ಷ ಹೊಗೆಯಲ್ಲೇ ಕಳೆದವಳು.

"ಎಂತ ಆತು ತಮಾ? ಕೊಬ್ಬು ಎಷ್ಟು ಇದ್ದಡ?" ಅಂತ ಕೇಳಿದಳು.

"ನೂರಾ ಮೂವತ್ತೆಂಟು ದೊಡ್ಡಮ್ಮ. ರಾಶಿ ಕಮ್ಮಿ ಇದ್ದು."

"ಹಂಗಾರೆ ಒಂದು ಗುಳಿಗೆ ಕಮ್ಮಿ ಆತು" ಅಂದು ನಕ್ಕಳು. ನಗು ಮುಗಿಯುವ ಮೊದಲೇ ಕೆಮ್ಮು ಬಂತು.

ಆದರೆ ಅಣ್ಣ (ದೊಡ್ಡಮ್ಮನ ಮಗ) ಬಿಡಲಿಲ್ಲ. ಅವನ ಹತ್ತಿರ ಯಾವುದೋ ಹಳೇ ಪತ್ರಿಕೆಯ ತುಣುಕು ಇತ್ತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ದಮ್ಮಿಗೂ ಒಳ್ಳೆಯದಂತೆ, ಸಾವು ಅರ್ಧದಷ್ಟು ಕಮ್ಮಿಯಾಗುತ್ತದಂತೆ. ಇದನ್ನು ಅಮ್ಮನಿಗೆ ಯಾಕೆ ಬರೆದುಕೊಡೋದಿಲ್ಲ ಅಂತ ಡಾಕ್ಟರನ್ನು ಕೇಳಬೇಕು ಅಂತ ಅವನ ಹಟ. ಆ ತುಣುಕು ಓದಿದ ಮೇಲೆ ನನಗೂ ತಲೆಯಲ್ಲಿ ಹುಳ ಹೊಕ್ಕಿತು. ಕೊಬ್ಬಿಗೂ ಶ್ವಾಸಕೋಶಕ್ಕೂ ಎಲ್ಲಿಯ ಸಂಬಂಧ? ಬೆಂಗಳೂರಿಗೆ ವಾಪಸು ಬಂದು ಒಂದು ತಿಂಗಳು ಅದನ್ನೇ ಕೆದಕಿದೆ. ಸಿಕ್ಕ ಕತೆ ಇಲ್ಲಿದೆ.

ತಮಾಷೆ ಅಂದರೆ ಎರಡು ಕತೆಗಳೂ ಒಂದೇ ಊರಲ್ಲಿ, ಒಂದೇ ದಶಕದಲ್ಲಿ ಶುರುವಾದವು. ಪ್ಯಾರಿಸ್, 1810ರ ದಶಕ. ರಸಾಯನಶಾಸ್ತ್ರಜ್ಞ ಶೆವ್ರಲ್ ಪಿತ್ತದ ಕಲ್ಲಿನಲ್ಲಿರುವ ಬಿಳಿ ಮೇಣದಂಥ ವಸ್ತುವಿಗೆ 'ಕೊಲೆಸ್ಟರೀನ್' ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಪಿತ್ತ ಮತ್ತು ಗಟ್ಟಿ ಅನ್ನುವ ಎರಡು ಪದ ಸೇರಿಸಿದ್ದು. ಅದೇ ಊರಿನ ಡಾಕ್ಟರ್ ಲೆನೆಕ್ 1816ರಲ್ಲಿ ಸ್ಟೆತೊಸ್ಕೋಪು ಕಂಡುಹಿಡಿದ. 1819ರಲ್ಲಿ ಬಂದ ಅವನ ಪುಸ್ತಕದಲ್ಲಿ ಎಂಫಿಸೀಮಾದ ವಿವರಣೆ ಇದೆ. ಎದೆಗೂಡು ತೆರೆದರೂ ಗಾಳಿ ಬಿಟ್ಟು ಕುಗ್ಗದ, ಊದಿಕೊಂಡೇ ಇರುವ ಶ್ವಾಸಕೋಶ. ಶೆವ್ರಲ್ ನೂರಾ ಎರಡು ವರ್ಷ ಬದುಕಿದ. ಲೆನೆಕ್ ನಲವತ್ತೈದಕ್ಕೇ ಕ್ಷಯದಿಂದ ತೀರಿಕೊಂಡ.

ಆಮೇಲೆ ಸುಮಾರು ಒಂದೂವರೆ ಶತಮಾನ ಈ ಎರಡು ಕತೆಗಳು ಮುಖ ನೋಡಿಕೊಳ್ಳಲಿಲ್ಲ. ಕೊಲೆಸ್ಟ್ರಾಲ್ ಹೃದಯದವರ ಪಾಲಾಯಿತು. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ತಿನ್ನಿಸಿ ಅವುಗಳ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 5209 ಜನರನ್ನು ಹಿಡಿದು ವರ್ಷಗಟ್ಟಲೆ ಗಮನಿಸುವ ಕೆಲಸ ಶುರುವಾಯಿತು. ದಮ್ಮಿನ ಕತೆ ಹೊಗೆಯ ಹಿಂದೆ ಹೋಯಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಕೆಲವೇ ದಿನಗಳಲ್ಲಿ ಸುಮಾರು 4000 ಜನರನ್ನು ಬಲಿ ತೆಗೆದುಕೊಂಡ ಮೇಲೆ ಎಲ್ಲರ ಕಣ್ಣು ತೆರೆಯಿತು. ನಮ್ಮಲ್ಲಿ ದೆಹಲಿಯ ಡಾ. ಪದ್ಮಾವತಿಯವರು 1959ರಲ್ಲೇ ಶ್ವಾಸಕೋಶದ ಕಾಯಿಲೆಯಿಂದ ಹೃದಯ ಸೋತವರ 127 ಪ್ರಕರಣಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಹೆಂಗಸರೂ ಬಹಳ ಇದ್ದರು. ನನ್ನ ದೊಡ್ಡಮ್ಮನಂಥವರು ಅನ್ನಿ. ಒಲೆಯ ಮುಂದೆ ಕೂತವರ ಸಂಕಟವನ್ನು ಅಷ್ಟು ಹಿಂದೆಯೇ ಒಬ್ಬ ಹೆಣ್ಣುಮಗಳು ಗಮನಿಸಿದ್ದರು ಅಂತ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮನೆಗೆ ಗ್ಯಾಸು ಬಂದದ್ದು 1990ರ ನಂತರ!

ಇನ್ನು ಗುಳಿಗೆಯ ಕತೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ಜಪಾನಿನ ಅಕಿರಾ ಎಂಡೊ ಹಳ್ಳಿಯ ರೈತರ ಮನೆಯ ಹುಡುಗ. ಚಿಕ್ಕಂದಿನಿಂದ ಅಣಬೆ, ಬೂಸ್ಟು ಅಂದರೆ ಹುಚ್ಚು. ಫ್ಲೆಮಿಂಗನಿಗೆ ಬೂಸ್ಟಿನಲ್ಲಿ ಪೆನಿಸಿಲಿನ್ ಸಿಕ್ಕಿತಲ್ಲ, ಹಾಗೆಯೇ ಕೊಲೆಸ್ಟ್ರಾಲ್ ತಡೆಯುವ ವಸ್ತುವೂ ಯಾವುದಾದರೂ ಬೂಸ್ಟಿನಲ್ಲಿ ಇರಬಹುದು ಅಂತ ಅವನ ಊಹೆ. 1971ರಲ್ಲಿ ಶುರುಮಾಡಿ ಎರಡು ವರ್ಷದಲ್ಲಿ 6000ಕ್ಕೂ ಹೆಚ್ಚು ಬಗೆಯ ಬೂಸ್ಟು ಜಾಲಾಡಿದ. ಕೊನೆಗೆ ಸಿಕ್ಕಿದ್ದು ಕ್ಯೋಟೋದ ಅಂಗಡಿಯೊಂದರ ಅಕ್ಕಿಯಲ್ಲಿ ಬೆಳೆದ ಬೂಸ್ಟಿನಿಂದ! ನಮ್ಮಮ್ಮ ಮಳೆಗಾಲದಲ್ಲಿ ಎಷ್ಟು ಸೇರು ಅಂಥ ಅಕ್ಕಿ ಬಿಸಾಡಿದ್ದಾಳೋ. ಆ ಮೊದಲ ವಸ್ತು ಮಾರುಕಟ್ಟೆಗೆ ಬರಲಿಲ್ಲ. ಆದರೆ ಅದರ ಸೋದರ ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4444 ಹೃದ್ರೋಗಿಗಳ ಪರೀಕ್ಷೆಯಲ್ಲಿ ಸಿಮ್ವಾಸ್ಟ್ಯಾಟಿನ್ ತಿಂದವರ ಸಾವು ಶೇಕಡಾ 30ರಷ್ಟು ಇಳಿಯಿತು. ಎಂಡೊ 2024ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ.

ಈ ಗುಳಿಗೆ ಉರಿಯೂತವನ್ನೂ ತಗ್ಗಿಸುತ್ತದೆ ಅಂತ ಗೊತ್ತಾದಾಗ ಶ್ವಾಸಕೋಶದವರ ಕಿವಿ ನೆಟ್ಟಗಾಯಿತು. ದಮ್ಮೂ ಉರಿಯೂತದ ಕಾಯಿಲೆಯೇ ತಾನೆ? 2006-07ರ ಹೊತ್ತಿಗೆ ಕೆನಡಾ, ನಾರ್ವೆಗಳಿಂದ ಸಾಲಾಗಿ ವರದಿಗಳು ಬಂದವು. ಆಸ್ಪತ್ರೆಯ ಹಳೇ ದಾಖಲೆ ತೆಗೆದು ನೋಡಿದರೆ, ಸ್ಟ್ಯಾಟಿನ್ ತಿನ್ನುತ್ತಿದ್ದ ಸಿಒಪಿಡಿ ರೋಗಿಗಳು ತಿನ್ನದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಅಣ್ಣನ ಪತ್ರಿಕೆ ತುಣುಕು ಹುಟ್ಟಿದ್ದು ಈ ಗದ್ದಲದಲ್ಲೇ.

ಇಲ್ಲಿ ಒಂದು ಎಡವಟ್ಟಿದೆ. ಹಳೇ ದಾಖಲೆಯಲ್ಲಿ ಗುಳಿಗೆ ತಿಂದವರು ಯಾರು? ಡಾಕ್ಟರ ಹತ್ತಿರ ತಪ್ಪದೆ ಹೋಗುವವರು, ಬರೆದುಕೊಟ್ಟದ್ದನ್ನು ತಪ್ಪದೆ ನುಂಗುವವರು, ಬಹುಶಃ ಸಿಗರೇಟನ್ನೂ ಬಿಟ್ಟವರು. ಅವರು ಹೆಚ್ಚು ಬದುಕಿದರೆ ಶ್ರೇಯಸ್ಸು ಗುಳಿಗೆಗೋ, ಅವರ ಶಿಸ್ತಿಗೋ? ಇನ್ನೊಂದು ಇನ್ನೂ ಸೂಕ್ಷ್ಮ. ಆಸ್ಪತ್ರೆಯಿಂದ ಮನೆಗೆ ಹೋಗಿ ಮೂರು ತಿಂಗಳಿಗೆ ಗುಳಿಗೆ ಶುರುಮಾಡಿದವನನ್ನು ಮೊದಲ ದಿನದಿಂದಲೇ 'ತಿಂದವರ' ಲೆಕ್ಕಕ್ಕೆ ಸೇರಿಸಿದರೆ, ಅವನು ಆ ಮೂರು ತಿಂಗಳು ಸಾಯಲು ಸಾಧ್ಯವೇ ಇಲ್ಲ. ಸತ್ತಿದ್ದರೆ 'ತಿನ್ನದವರ' ಲೆಕ್ಕಕ್ಕೆ ಹೋಗುತ್ತಿದ್ದ! ಲೆಕ್ಕದ ಮೇಷ್ಟ್ರು ಇದ್ದರೆ ಕಿವಿ ಹಿಂಡುತ್ತಿದ್ದರು.

ಕೊನೆಗೆ ಅಮೆರಿಕ ಮತ್ತು ಕೆನಡಾದ 45 ಕೇಂದ್ರಗಳು ಸೇರಿ ಸರಿಯಾದ ಪರೀಕ್ಷೆಗಿಳಿದವು. 885 ಸಿಒಪಿಡಿ ರೋಗಿಗಳು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರನ್ನು ಸೇರಿಸಿಕೊಳ್ಳಲಿಲ್ಲ. ಚೀಟಿ ಎತ್ತಿದಂತೆ ಕೆಲವರಿಗೆ ದಿನಕ್ಕೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್, ಉಳಿದವರಿಗೆ ಹುಸಿ ಗುಳಿಗೆ. ಕೊಲೆಸ್ಟ್ರಾಲೇನೋ ಇಳಿಯಿತು. ಆದರೆ ದಮ್ಮು ಕೆರಳಿದ ಸಲ ಒಬ್ಬರಿಗೆ ವರ್ಷಕ್ಕೆ ಸರಾಸರಿ 1.36, ಹುಸಿ ಗುಳಿಗೆಯವರಿಗೆ 1.39. ಅಂದರೆ ವ್ಯತ್ಯಾಸವೇ ಇಲ್ಲ. ಮುಂದುವರಿಸಿ ಪ್ರಯೋಜನವಿಲ್ಲ ಅಂತ ನಡುವೆಯೇ ನಿಲ್ಲಿಸಿ 2014ರಲ್ಲಿ ಪ್ರಕಟಿಸಿದರು. ಸ್ಟ್ಯಾಟ್‌ಕೋಪ್ ಅಂತ ಅದರ ಹೆಸರು.

ಹಾಗಂತ ಕೊಬ್ಬಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ತೆಳು ಪೊರೆಯಲ್ಲಿ ಸ್ವಲ್ಪ ಕೊಲೆಸ್ಟ್ರಾಲ್ ಇದ್ದೇ ಇದೆ. ಆ ಪೊರೆಯ ಕಸ ತೆಗೆಯಲಾಗದ ಅಪರೂಪದ ಕಾಯಿಲೆಯೊಂದರಲ್ಲಿ ಸ್ಟ್ಯಾಟಿನ್ ಉಪಯೋಗಕ್ಕೆ ಬಂದೀತು ಅಂತ 2018ರಲ್ಲಿ ಬರೆದಿದ್ದಾರೆ. ಅದು ಬೇರೆಯೇ ಕಾಯಿಲೆ. ಹೃದಯಕ್ಕಾಗಿ ಸ್ಟ್ಯಾಟಿನ್ ತಿನ್ನುತ್ತಿರುವ ದಮ್ಮಿನವರು ಇದನ್ನೋದಿ ಗುಳಿಗೆ ಬಿಟ್ಟುಬಿಟ್ಟೀರಿ ಮತ್ತೆ! ಸಿಒಪಿಡಿ ಇದ್ದವರಲ್ಲಿ ಹೃದಯದಿಂದ ಸಾಯುವವರೂ ಬಹಳ. ಆ ಪರೀಕ್ಷೆ ನಿಮ್ಮಂಥವರ ಮೇಲೆ ನಡೆದದ್ದೇ ಅಲ್ಲ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗಿ, ಅಣ್ಣನನ್ನೂ ದೊಡ್ಡಮ್ಮನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಪತ್ರಿಕೆ ತುಣುಕನ್ನು ಪೂರ್ತಿ ಓದಿ, ಮಡಚಿ ವಾಪಸು ಕೊಟ್ಟರು. "ಇವರ ದಮ್ಮಿಗೆ ಇದು ಬೇಡ. ಅದಿರಲಿ, ಕೊಬ್ಬು ಕಮ್ಮಿ ಅಂತ ನೀವು ಖುಷಿಯಾಗಿದ್ದೀರಲ್ಲ, ತೂಕ ನೋಡಿದಿರಾ?" ಅಂದರು. ನಾವ್ಯಾರೂ ನೋಡಿರಲಿಲ್ಲ. ಎರಡು ವರ್ಷದ ಹಿಂದಿನ ಚೀಟಿಯಲ್ಲಿ 52 ಕೆಜಿ ಅಂತಿತ್ತು. ಯಂತ್ರದ ಮೇಲೆ ನಿಲ್ಲಿಸಿದರೆ 44. ಉಸಿರಾಡುವುದಕ್ಕೇ ಮೈಯ ಶಕ್ತಿ ಖರ್ಚಾಗುತ್ತದೆ, ಊಟ ಮಾಡಿದರೆ ಏದುಸಿರು ಬರುತ್ತದೆ, ಅದಕ್ಕೆ ಊಟವೇ ಕಮ್ಮಿ. ಮೈ ಸೊರಗುವಾಗ ಕೊಲೆಸ್ಟ್ರಾಲೂ ಇಳಿಯಬಹುದು ಅಂದರು. ದಮ್ಮಿನವರು ಸೊರಗುವುದು ಕೆಟ್ಟ ಲಕ್ಷಣ ಅಂತ ಕೋಪನ್‌ಹೇಗನ್ನಿನ ಅಧ್ಯಯನವೊಂದು 1999ರಲ್ಲೇ ಹೇಳಿತ್ತು. ನಾನು ತಿಂಗಳಿಡೀ ಓದಿದ್ದರಲ್ಲಿ ಅದೂ ಇತ್ತು. ಆದರೆ ಕಣ್ಣೆದುರು ಕೂತ ದೊಡ್ಡಮ್ಮನ ಕೈಬಳೆ ಮೊಣಕೈವರೆಗೆ ಜಾರುತ್ತಿದ್ದುದನ್ನು ನೋಡಿಯೂ ಹೊಳೆದಿರಲಿಲ್ಲ.

ಈಗ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು. ಬೇಳೆ, ಮೊಸರು, ಶೇಂಗಾ, ಅನ್ನಕ್ಕೆ ಧಾರಾಳ ತುಪ್ಪ. ಮೊನ್ನೆ ಫೋನಿನಲ್ಲಿ ಅಣ್ಣ ಹೇಳಿದ, ನಲವತ್ತೈದೂವರೆ ಆಗಿದೆಯಂತೆ.