ರವಿವರ್ಮನ ಅಭ್ಯಾಸಕಾಲ ಮತ್ತು ತೈಲಚಿತ್ರದ ಮೊದಲ ಪಾಠ

ರಾಜಾ ರವಿವರ್ಮನ ಕೀರ್ತಿಯನ್ನು ಕುರಿತು ಬರೆದವರು ಬಹುಮಂದಿ. ಆತನು ತೈಲಚಿತ್ರದ ಅಕ್ಷರಾಭ್ಯಾಸವನ್ನು ಹೇಗೆ ಮಾಡಿದನೆಂಬುದನ್ನು ವಿಚಾರಿಸಿದವರು ಕಡಮೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಆತನ ಚಿತ್ರಗಳ ಮುಂದೆ ನಿಂತ ಕನ್ನಡಿಗನು ಸೀರೆಯ ಜರಿಯನ್ನು ಕಂಡು ಬೆರಗಾಗುತ್ತಾನೆ. ಆ ಜರಿಯ ಕೆಳಗೆ ಎಷ್ಟು ಪದರಗಳಿವೆ, ಯಾವುದು ಮೊದಲು ಬಿದ್ದಿತು, ಯಾವುದು ಒಣಗಿದ ಮೇಲೆ ಯಾವುದನ್ನು ಹಚ್ಚಿದರು ಎಂಬುದು ಅವನಿಗೆ ತೋರುವುದಿಲ್ಲ. ತೈಲಚಿತ್ರದ ಗುಣವೇ ಅದು. ಅದರ ಕೊನೆಯ ಪದರವು ಹಿಂದಿನ ಕೆಲಸವನ್ನೆಲ್ಲ ಮುಚ್ಚಿಬಿಡುತ್ತದೆ. ತಿರುವನಂತಪುರದ ಹುಡುಗನೊಬ್ಬನು ಎದುರಿಸಿದ ತೊಡಕೂ ಇದೇ ಆಗಿದ್ದಿತು.

1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ರವಿವರ್ಮನಿಗೆ ಮೊದಲ ಗುರು ಆತನ ಸೋದರಮಾವ ರಾಜರಾಜವರ್ಮ. ಅವರು ಬಲ್ಲದ್ದು ತಂಜಾವೂರಿನ ಮಾರ್ಗ. ಸುಣ್ಣದ ಪುಡಿಯನ್ನೂ ಅಂಟನ್ನೂ ಕಲಸಿ ಹಚ್ಚಿದ ನಯವಾದ ತಳ, ಅದರ ಮೇಲೆ ರೇಖೆ, ರೇಖೆಯೊಳಗೆ ನೀರಿನಲ್ಲಿ ಕದಡಿದ ಸಮತಲವಾದ ಬಣ್ಣ. ನೀರು ಆರಿದೊಡನೆ ಬಣ್ಣ ನಿಲ್ಲುತ್ತದೆ. ಕೆನ್ನೆಯ ಬೆಳಕು ಮೆಲ್ಲನೆ ನೆರಳಾಗಿ ತಿರುಗುವಂತೆ ಮಾಡಲು ಅಲ್ಲಿ ಅವಕಾಶ ಕಡಮೆ. ಅದನ್ನು ಆ ಮಾರ್ಗದವರು ಬಯಸಿದವರೂ ಅಲ್ಲ.

1862ರಲ್ಲಿ ಹದಿನಾಲ್ಕರ ಹುಡುಗನು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯಕ್ಕೆ ಬಂದನು. ಅರಮನೆಯಲ್ಲಿ ಯೂರೋಪಿನ ತೈಲಚಿತ್ರಗಳಿದ್ದುವು. ಎಣ್ಣೆಬಣ್ಣದ ಕೆಲಸವನ್ನು ಬಲ್ಲ ರಾಮಸ್ವಾಮಿ ನಾಯಕರ್ ಎಂಬ ಆಸ್ಥಾನ ಚಿತ್ರಗಾರನೂ ಇದ್ದನು. ಆದರೆ ಆತನು ಹೇಳಿಕೊಡಲಿಲ್ಲವೆಂದು ಜೀವನಚರಿತ್ರಕಾರರು ಬರೆಯುತ್ತಾರೆ. ಈ ಕಾರಣಕ್ಕಾಗಿ ನಾಯಕರನನ್ನು ಖಳನಾಗಿ ಚಿತ್ರಿಸುವುದು ವಾಡಿಕೆ. ಅದು ನ್ಯಾಯವಲ್ಲ. ಒಂದೇ ಆಸ್ಥಾನ, ಒಬ್ಬನೇ ಪೋಷಕ. ವಿದ್ಯೆಯೇ ಆತನ ಬಂಡವಾಳ. ಮುಂದೆ ತನ್ನ ಸ್ಥಾನಕ್ಕೇ ಬರಬಹುದಾದ ರಾಜಬಂಧುವಿಗೆ ಅದನ್ನು ಒಪ್ಪಿಸಿಕೊಡುವ ಔದಾರ್ಯವನ್ನು ಎಷ್ಟು ಮಂದಿಯಿಂದ ನಿರೀಕ್ಷಿಸಬಹುದು? ಆತನ ಶಿಷ್ಯ ಆರುಮುಗಂ ಪಿಳ್ಳೆಯು ಗುರುವಿಗೆ ತಿಳಿಯದಂತೆ ಕೆಲವು ಗುಟ್ಟುಗಳನ್ನು ಹೇಳಿಕೊಟ್ಟನೆಂಬ ಮಾತೂ ಪ್ರಚಾರದಲ್ಲಿದೆ.

ಅರಮನೆಯ ಚಿತ್ರಗಳನ್ನೇ ನೋಡಿ ನಕಲು ಮಾಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಎಣ್ಣೆಬಣ್ಣವು ನೀರುಬಣ್ಣದಂತೆ ಆವಿಯಾಗಿ ಒಣಗುವುದಲ್ಲ. ಅಗಸೆ ಎಣ್ಣೆಯು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಿರಲು ಕೆಲವು ದಿನಗಳು ಬೇಕು. ಒಳಗಿನ ತನಕ ಗಟ್ಟಿಯಾಗಲು ತಿಂಗಳುಗಳೇ ಬೇಕು. ಬಣ್ಣಬಣ್ಣಕ್ಕೂ ಭೇದವುಂಟು. ಕಂದು ಮಣ್ಣಿನ ಬಣ್ಣ ಬೇಗ ಒಣಗುತ್ತದೆ, ದೀಪದ ಮಸಿಯ ಕಪ್ಪು ಬಹಳ ತಡ. ಆದಕಾರಣ ಮೊದಲ ಪದರವನ್ನು ಟರ್ಪೆಂಟೈನ್ ಬೆರಸಿ ತೆಳುವಾಗಿ, ಎಣ್ಣೆ ಕಡಮೆಯಾಗಿ ಹಚ್ಚಬೇಕು. ಮೇಲುಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚುತ್ತ ಹೋಗಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಮೇಲಿನದು ಮೊದಲು ಬಿಗಿದುಕೊಂಡು, ಕೆಳಗಿನದು ಇನ್ನೂ ಅಲುಗುತ್ತಿದ್ದು, ಚಿತ್ರವು ಬಿರಿಯುತ್ತದೆ. ಆ ಬಿರುಕು ಅಂದೇ ಕಾಣುವುದಿಲ್ಲ. ತಪ್ಪು ಮಾಡಿದವನಿಗೆ ತಪ್ಪು ತಿಳಿಯುವ ವೇಳೆಗೆ ಚಿತ್ರವು ಕೈಬಿಟ್ಟು ಹೋಗಿರುತ್ತದೆ.

ಚಿತ್ರಕ್ಕಿಂತ ಮೊದಲು ಬಟ್ಟೆಯ ಕೆಲಸವಿದೆ. ಹಸಿ ಎಣ್ಣೆಯು ನೇರವಾಗಿ ತಗುಲಿದರೆ ಕ್ಯಾನ್‌ವಾಸಿನ ನೂಲು ಕ್ರಮೇಣ ಲಡ್ಡಾಗಿ ಹೋಗುತ್ತದೆ. ಅದಕ್ಕಾಗಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಚರ್ಮವನ್ನು ಕುದಿಸಿ ತೆಗೆದ ಅಂಟನ್ನು ಸವರಿ, ಅದರ ಮೇಲೆ ಬಿಳಿಯ ತಳವನ್ನು ಕಟ್ಟುತ್ತಿದ್ದರು. ಈ ಅಂಟು ನಮ್ಮವರಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ ವಜ್ರಲೇಪವನ್ನು ಮಾಡುವ ವಿಧಾನವಿದೆ. ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ಗೋಡೆಗೆ ಬಳಿಯಬೇಕೆಂದು ಹೇಳಿದೆ. ಅದು ಭಿತ್ತಿಗೆ ಹೇಳಿದ ಮಾತು, ಬಟ್ಟೆಗಲ್ಲ. ಎಣ್ಣೆಬಣ್ಣದ ಸಂಬಂಧವೂ ಅಲ್ಲಿಲ್ಲ. ಆದರೂ ತಳವನ್ನು ಸಿದ್ಧಪಡಿಸದೆ ಕುಂಚವನ್ನು ಎತ್ತಬಾರದೆಂಬ ಎಚ್ಚರ ಎರಡೂ ಕಡೆ ಒಂದೇ.

1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯೂರೋಪಿನ ಚಿತ್ರಗಾರನು ಮಹಾರಾಜರ ಭಾವಚಿತ್ರವನ್ನು ಬರೆಯಲು ಬಂದನು. ಆತನೂ ಕಲಿಸಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ, ತಾನು ಬರೆಯುವಾಗ ಹುಡುಗನು ಪಕ್ಕದಲ್ಲಿ ನಿಂತು ನೋಡಬಹುದೆಂದು ಸಮ್ಮತಿಸಿದನಂತೆ. ಕೃಪಣತನದಿಂದ ಕೊಟ್ಟ ಈ ಅನುಮತಿಯೇ ದೊಡ್ಡ ದಾನವಾಯಿತೆನ್ನಬೇಕು. ಮುಗಿದ ಚಿತ್ರವು ಬಚ್ಚಿಡುವುದು ಕ್ರಮವನ್ನು. ಕೆಲಸ ಮಾಡುವ ಕೈ ಬಚ್ಚಿಡಲಾರದ್ದೂ ಕ್ರಮವನ್ನೇ. ಮೊದಲು ಯಾವ ಬಣ್ಣದಿಂದ ನೆರಳನ್ನು ಗುರುತಿಸಿದನು, ಎಲ್ಲಿ ಒಣಗಲು ಬಿಟ್ಟನು, ಹಸಿಯ ಮೇಲೆ ಹಸಿಯನ್ನು ಎಲ್ಲಿ ಒರಸಿ ಬೆರಸಿದನು ಎಂಬುದಕ್ಕೆ ಮಾತಿನ ಅಗತ್ಯವಿಲ್ಲ, ಕಣ್ಣಿದ್ದರೆ ಸಾಕು. ಶಿಷ್ಯನು ಅದೇ ಭಾವಚಿತ್ರವನ್ನು ಬರೆದು ಪರದೇಶಿಯನ್ನು ಮೀರಿಸಿದನೆಂಬ ಕತೆಯನ್ನು ನಂಬಬೇಕಾದ ಅಗತ್ಯವೂ ಇಲ್ಲ. ಇಂಥ ಕತೆಗಳು ಎಲ್ಲ ಕಲಾವಿದರ ಚರಿತ್ರೆಗಳಲ್ಲಿಯೂ ಬರುತ್ತವೆ. ನಿಶ್ಚಿತವಾದುದು ಇಷ್ಟು: 1873ರ ಮದರಾಸು ಪ್ರದರ್ಶನದಲ್ಲಿ, ಮುಡಿಗೆ ಹೂವನ್ನು ಮುಡಿದುಕೊಳ್ಳುವ ನಾಯರ್ ಸ್ತ್ರೀಯ ಚಿತ್ರಕ್ಕೆ ಗವರ್ನರರ ಚಿನ್ನದ ಪದಕವು ದೊರೆಯಿತು. ನೋಡಲು ನಿಂತ ದಿನಕ್ಕೂ ಪದಕಕ್ಕೂ ನಡುವೆ ಐದು ವರ್ಷ.

ಸಾಮಗ್ರಿಯ ಸೌಕರ್ಯವೂ ಕಾಲಕ್ಕೆ ಸರಿಯಾಗಿ ಒದಗಿತ್ತು. 1841ರಲ್ಲಿ ಜಾನ್ ರ್ಯಾಂಡ್ ಎಂಬ ಅಮೆರಿಕನ್ ಚಿತ್ರಗಾರನು ಬಣ್ಣ ತುಂಬುವ ಲೋಹದ ಕೊಳವೆಗೆ ಹಕ್ಕುಪತ್ರ ಪಡೆದಿದ್ದನು. ಅರೆದ ಎಣ್ಣೆಬಣ್ಣವು ಕೆಡದೆ ದೂರದೇಶಗಳಿಗೆ ಸಾಗುವಂತಾದುದು ಆಮೇಲೆ.

ಇಂದಿನ ಕಲಿಕೆಯವನ ಕೈಗೆ ಮೊದಲು ಬರುವುದು ಆಕ್ರಿಲಿಕ್. ನೀರಿನಲ್ಲಿ ಕಲಸಬಹುದಾದ ಈ ಬಣ್ಣ ಕಲಾವಿದರಿಗಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದುದು 1950ರ ದಶಕದ ಮಧ್ಯದಲ್ಲಿ. ತೆಳುವಾಗಿ ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ಬಟ್ಟೆಯನ್ನು ಕೆಡಿಸುವುದಿಲ್ಲ, ತಪ್ಪಿದರೆ ಮೇಲೆ ಮತ್ತೆ ಹಚ್ಚಬಹುದು. ಕೆನ್ನೆಯ ನೆರಳನ್ನು ಹಸಿಯಾಗಿರುವಾಗಲೇ ಬೆರಸಲು ಮಾತ್ರ ವ್ಯವಧಾನ ಸಿಕ್ಕುವುದಿಲ್ಲ. ಈ ವಿಷಯದಲ್ಲಿ ಹೊಸ ಬಣ್ಣವು ಜೆನ್ಸನ್ನನಿಗಿಂತ ಕಿಳಿಮಾನೂರಿನ ಸೋದರಮಾವನಿಗೆ ಹತ್ತಿರ. ಎರಡನ್ನೂ ಒಂದೇ ಪಟದಲ್ಲಿ ಬಳಸುವವರು ಕೆಳಗೆ ಆಕ್ರಿಲಿಕ್ಕನ್ನು ತೆಳುವಾಗಿ ಹಚ್ಚಿ, ಅದು ಪೂರ್ತಿ ಒಣಗಿದ ಬಳಿಕ ಮೇಲೆ ಎಣ್ಣೆಬಣ್ಣವನ್ನು ಹಚ್ಚುತ್ತಾರೆ. ಎಣ್ಣೆಯ ಮೇಲೆ ಆಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ.