ಕ್ರಿಸ್ಟೋಫೋರಿಯ ಪಿಯಾನೋವೂ ಅದರ ನಾದಫಲಕವೂ

ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿರುವ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ 1720ನೆಯ ಇಸವಿಯ ಒಂದು ಪಿಯಾನೋ ಇದೆ. ಜಗತ್ತಿನಲ್ಲಿ ಇಂದು ಉಳಿದಿರುವ ಪಿಯಾನೋಗಳಲ್ಲೆಲ್ಲಾ ಇದೇ ಅತ್ಯಂತ ಪ್ರಾಚೀನವಾದುದು. ಅದರ ಮೇಲಿನ ಲ್ಯಾಟಿನ್ ಲೇಖವು, ಪಾದುವಾ ನಗರದ ಬಾರ್ತೊಲೊಮಿಯೊ ಕ್ರಿಸ್ಟೋಫೋರಿ ಎಂಬಾತನು ಇದನ್ನು ಫ್ಲಾರೆನ್ಸಿನಲ್ಲಿ ನಿರ್ಮಿಸಿದನೆಂದು ತಿಳಿಸುವುದಲ್ಲದೆ, ಆತನನ್ನು ಈ ವಾದ್ಯವನ್ನು ಕಂಡುಹಿಡಿದವನೆಂದೂ ಕರೆಯುತ್ತದೆ. ವಾದ್ಯವು ಇಂದಿಗೂ ನುಡಿಯುವ ಸ್ಥಿತಿಯಲ್ಲಿದೆ. ಆದರೆ ಆ ನುಡಿಯು ಕ್ರಿಸ್ಟೋಫೋರಿಯದೇ ಏನು ಎಂದು ಕೇಳಿದರೆ ಅಹುದೆನ್ನುವಂತಿಲ್ಲ. ಧ್ವನಿಗೆ ಮೂಲವಾದ ಅಂಗವೇ 1938ರಲ್ಲಿ ಬದಲಾಯಿಸಲ್ಪಟ್ಟಿತು.

ಆ ಅಂಗವನ್ನು ಇಂಗ್ಲಿಷಿನವರು ಸೌಂಡ್‌ಬೋರ್ಡ್ ಎನ್ನುತ್ತಾರೆ, ಕನ್ನಡದಲ್ಲಿ ನಾದಫಲಕವೆನ್ನಬಹುದು. ಬರಿಯ ತಂತಿಯನ್ನು ಎಷ್ಟು ಬಲವಾಗಿ ಹೊಡೆದರೂ ಅದರಿಂದ ಹೊರಡುವ ಧ್ವನಿ ಕ್ಷೀಣವಾದುದು. ತೆಳುವಾದ ತಂತಿಯು ಗಾಳಿಯನ್ನು ಅಲುಗಿಸುವುದು ಅತ್ಯಲ್ಪ. ತಂತಿಯ ಕಂಪನವು ಕುದುರೆಯ ಮೂಲಕ ಇಳಿದು ವಿಶಾಲವಾದ ಹಲಗೆಯನ್ನು ಕಂಪಿಸುವಂತೆ ಮಾಡಿದಾಗ ಮಾತ್ರ ಕೋಣೆ ತುಂಬುವ ನಾದವಾಗುತ್ತದೆ. ವೀಣೆಯಲ್ಲಿ ಕೊಡದ ಮೇಲ್ಹಲಗೆ ಮಾಡುವ ಕೆಲಸವೂ ಇದೇ. ಪಿಯಾನೋವಿಗೆ ಸಾಮಾನ್ಯವಾಗಿ ಸ್ಪ್ರೂಸ್ ಮರವನ್ನು ಬಳಸುವರು. ಹಲಗೆಯ ಅಡಿಯಲ್ಲಿ, ಎಳೆಗಳಿಗೆ ಅಡ್ಡಲಾಗಿ, ಪಟ್ಟಿಗಳನ್ನು ಅಂಟಿಸಿ ಬಲಪಡಿಸುವರು. ಇಟಲಿಯ ಹಳೆಯ ಸಂಪ್ರದಾಯದವನಾದ ಕ್ರಿಸ್ಟೋಫೋರಿಯು ಸೈಪ್ರೆಸ್ ಮರವನ್ನು ಆರಿಸಿಕೊಂಡನು.

ಮರವು ಸತ್ತ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುವುದು ಸುಳ್ಳಲ್ಲ. ಗಾಳಿಯಲ್ಲಿ ತೇವವಿದ್ದಾಗ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಎಳೆಗಳ ಉದ್ದಕ್ಕೆ ಬಹುಮಟ್ಟಿಗೆ ಇಲ್ಲವೆನ್ನುವಷ್ಟು, ಅಡ್ಡಕ್ಕೆ ಮಾತ್ರ ಗಣನೀಯವಾಗಿ. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಮನೆಯೊಳಗನ್ನು ಕಾಯಿಸುವುದರಿಂದ ಗಾಳಿಯು ತೀರ ಒಣಗುತ್ತದೆ. ಅಂಚುಗಳಲ್ಲಿ ಅಂಟಿನಿಂದ ಬಂಧಿತವಾದ ಹಲಗೆಯು ಕುಗ್ಗಲು ಎಡೆಯಿಲ್ಲದೆ ಎಳೆಯ ಜಾಡಿನಲ್ಲಿಯೇ ಸೀಳುತ್ತದೆ. ಇಂಥ ಸೀಳುಗಳಿಗೆ ನುರಿತ ಕೆಲಸಗಾರರು ಮಾಡುವ ಉಪಚಾರ ಸರಳವಾದುದು. ಬಿರುಕನ್ನು ಒಂದೇ ಸಮನಾಗಿ ತೆರೆದು, ಅದೇ ಜಾತಿಯ ಮರದ ಬೆಣೆಯಾಕಾರದ ಸಣ್ಣ ಪಟ್ಟಿಯನ್ನು ಎಳೆ ಹೊಂದುವಂತೆ ಕೂರಿಸಿ, ತೊಗಲನ್ನು ಬೇಯಿಸಿ ತೆಗೆದ ಅಂಟಿನಿಂದ ಬೆಸೆದು, ಆರಿದ ಮೇಲೆ ಮಟ್ಟಸಮಾಡುವುದು. ಬಿಟ್ಟುಕೊಂಡ ಅಡ್ಡಪಟ್ಟಿಗಳನ್ನು ಮತ್ತೆ ಅಂಟಿಸುವುದೂ ಇದರೊಡನೆಯೇ ನಡೆಯುತ್ತದೆ. ತೊಗಲಿನ ಅಂಟಿನ ಗುಣವೇನೆಂದರೆ, ಬೇಕಾದಾಗ ಬಿಸಿಯಿಂದಲೂ ತೇವದಿಂದಲೂ ಅದನ್ನು ಬಿಡಿಸಿಬಿಡಬಹುದು. ಇಂದಿನವನು ತಪ್ಪಿದರೆ ನಾಳಿನವನು ತಿದ್ದಲು ಅವಕಾಶವುಂಟು. ಬಿರುಕುಗಳೆಲ್ಲವೂ ದೋಷಗಳಲ್ಲವೆಂಬುದನ್ನೂ ಹೇಳಬೇಕು. ಅಡ್ಡಪಟ್ಟಿಗಳು ಗಟ್ಟಿಯಾಗಿದ್ದು, ಸೀಳಿನ ಅಂಚುಗಳು ಒಂದಕ್ಕೊಂದು ತಾಗಿ ಗುಯ್‌ಗುಡದೆ ಇದ್ದರೆ, ಹಲಗೆಯು ಬಿರುಕಿನೊಡನೆಯೇ ಚೆನ್ನಾಗಿ ನುಡಿಯುತ್ತದೆ. ಹಲಗೆಯನ್ನೇ ಕಿತ್ತು ಹೊಸದನ್ನು ಹಾಕುವುದು ಇವುಗಳಿಂದ ತೀರ ಬೇರೆಯಾದ ಕಾರ್ಯ.

ಕ್ರಿಸ್ಟೋಫೋರಿಯ ವಾದ್ಯಕ್ಕೆ ಈ ಗತಿ ಬಂದುದರಲ್ಲಿ ಒಂದು ವಿಪರ್ಯಾಸವಿದೆ. 1655ರಲ್ಲಿ ಹುಟ್ಟಿದ ಈತನನ್ನು ಮೆಡಿಚಿ ವಂಶದ ರಾಜಕುಮಾರ ಫರ್ಡಿನಾಂಡೊ 1688ರಲ್ಲಿ ಫ್ಲಾರೆನ್ಸಿಗೆ ಕರೆಸಿಕೊಂಡನು. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟುವುದರಿಂದ ಬೆರಳಿನ ಒತ್ತಡಕ್ಕೆ ತಕ್ಕಂತೆ ಧ್ವನಿಯು ಏರಿಳಿಯದು. ಕ್ರಿಸ್ಟೋಫೋರಿಯು ಮೀಟುವುದಕ್ಕೆ ಬದಲಾಗಿ ಸಣ್ಣ ಸುತ್ತಿಗೆಗಳಿಂದ ಹೊಡೆಯುವ ಏರ್ಪಾಡನ್ನು ಕಲ್ಪಿಸಿದನು. 1700ರ ಮೆಡಿಚಿ ಪಟ್ಟಿಯಲ್ಲಿ ಮೃದುವಾಗಿಯೂ ಗಟ್ಟಿಯಾಗಿಯೂ ನುಡಿಯುವ ಅವನ ವಾದ್ಯದ ಉಲ್ಲೇಖವಿದೆ. 1711ರಲ್ಲಿ ಮಾಫೇಯಿ ಎಂಬ ವಿದ್ವಾಂಸನು ಪ್ರಕಟಿಸಿದ ಲೇಖನದಿಂದ ಅದರ ಕೀರ್ತಿ ಹೊರಗೆ ಹಬ್ಬಿತು. ಸುತ್ತಿಗೆಗಳ ವಿಷಯವನ್ನು ಎಲ್ಲರೂ ಹೊಗಳುತ್ತಾರೆ. ಅವನ ಇನ್ನೊಂದು ಉಪಾಯವನ್ನು ನೆನೆಯುವವರು ಕಡಮೆ. ಬಿಗಿದ ತಂತಿಗಳ ಸೆಳೆತವನ್ನು ಹೊರಗಿನ ಗೋಡೆಯು ಹೊರಬೇಕು, ನಾದಫಲಕವನ್ನು ಒಳಗಿನ ಬೇರೊಂದು ಬಾಗಿದ ಗೋಡೆಯು ಹಿಡಿದಿರಬೇಕು, ಎಂದು ಎರಡನ್ನೂ ಬೇರ್ಪಡಿಸಿ ಕಟ್ಟಿದನು. ಸೆಳೆತದ ಭಾರವು ಫಲಕವನ್ನು ಸೊಟ್ಟಗೆ ಮಾಡಬಾರದೆಂಬುದೇ ಇದರ ಉದ್ದೇಶವಾಗಿರಬೇಕು. ಹೀಗೆ ಯಾವುದನ್ನು ಆತನು ಅಷ್ಟು ಜತನದಿಂದ ಕಾಪಾಡಲೆಳಸಿದನೋ ಅದೇ ಎರಡು ಶತಮಾನಗಳ ತರುವಾಯ ಹೊರಹೋಯಿತು.

ನ್ಯೂಯಾರ್ಕಿನ ಪಿಯಾನೋವಿಗೆ ಆದ ಬದಲಾವಣೆ ಅದೊಂದೇ ಅಲ್ಲ. ಮಂದ್ರದ ಕೊನೆಯಲ್ಲಿ ಕೆಲವು ಸ್ವರಗಳನ್ನು ಬಿಟ್ಟು, ತಾರದ ಕಡೆಗೆ ಕೆಲವನ್ನು ಸೇರಿಸಿ, 54 ಸ್ವರಗಳ ವ್ಯಾಪ್ತಿಯನ್ನೆಲ್ಲಾ ಸುಮಾರು ಅರ್ಧ ಸ್ಥಾಯಿಯಷ್ಟು ಮೇಲಕ್ಕೆ ಸರಿಸಿರುತ್ತಾರೆ. ಹಳೆಯ ಇಟಲಿಯ ವಾದ್ಯಗಳನ್ನು ಬಲ್ಲ ಡೆನ್ಜಿಲ್ ರೈಟ್ ಎಂಬ ನಿರ್ಮಾಪಕರು, ಇದರ ಮೂಲಸ್ಥಿತಿಯು ಮರಳಿ ಪಡೆಯಲಾರದಂತೆ ನಷ್ಟವಾಗಿದೆಯೆಂದು ತೀರ್ಮಾನಿಸಿದ್ದಾರೆ. ಕ್ರಿಸ್ಟೋಫೋರಿಯ ಕೈಯ ಪಿಯಾನೋಗಳು ಇನ್ನೆರಡು ಮಾತ್ರ ಉಳಿದಿವೆ. ರೋಮಿನಲ್ಲಿರುವ 1722ರ ವಾದ್ಯವನ್ನು ಹುಳುಗಳು ಕೊರೆದಿವೆ, ಅದು ನುಡಿಯದು. ಲೈಪ್ಜಿಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ 1726ರ ವಾದ್ಯವನ್ನು ಹಿಂದೊಮ್ಮೆ ನುಡಿಸಿ ಧ್ವನಿಮುದ್ರಿಸಿದ್ದುಂಟು. ಈಗ ಅದೂ ಮೌನವಾಗಿದೆ. ನುಡಿಯುವುದು ಬದಲಾದುದು, ನುಡಿಯದಿರುವುವು ಉಳಿದ ಎರಡು.

1938ರವರನ್ನು ನಿಂದಿಸುವುದು ಸುಲಭ, ನ್ಯಾಯವಲ್ಲ. ವಾದ್ಯವೆಂದ ಮೇಲೆ ನುಡಿಯಬೇಕೆಂಬುದು ಆ ಕಾಲದ ನಿಷ್ಠೆ, ಮತ್ತು ಮೂಕವಾದ ವೀಣೆಯನ್ನು ಗೋಡೆಗೆ ಒರಗಿಸಿಡುವುದು ಯಾವ ರಸಿಕನಿಗೂ ಹಿತವಲ್ಲ. ಆದರೂ ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇಲ್ಲಿನ ತೊಡಕು ಒಡನೆಯೇ ಕಾಣುವುದು. ಹುಳು ತಿಂದ ಓಲೆಯಲ್ಲಿ ಅಕ್ಷರ ಹೋಗಿದ್ದರೆ, ಪ್ರಾಮಾಣಿಕನಾದ ಸಂಪಾದಕನು ಆ ಸ್ಥಳವನ್ನು ತ್ರುಟಿತವೆಂದು ಗುರುತಿಸಿ ಬಿಡುವನು. ತನ್ನ ಊಹೆಯನ್ನು ಬೇಕಾದರೆ ಅಡಿಯಲ್ಲಿ ಬರೆಯುವನು. ಓಲೆಯನ್ನೇ ಎಸೆದು ಹೊಸ ಓಲೆಯಲ್ಲಿ ತಾನು ಬರೆದುದನ್ನು ಅದೇ ಕಟ್ಟಿನಲ್ಲಿ ಸೇರಿಸಿದರೆ ಶ್ಲೋಕವೇನೋ ಪೂರ್ಣವಾದೀತು, ಆದರೆ ಪ್ರಮಾಣವು ಹೋಯಿತು. ಫಲಕದ ದಪ್ಪವು ಎಲ್ಲೆಲ್ಲಿ ಎಷ್ಟಿತ್ತು, ನಿರ್ಮಾಪಕನು ಎಲ್ಲಿ ಹೆಚ್ಚು ಹೆರೆದಿದ್ದನು ಎಂಬುದನ್ನು ಹಳೆಯ ಮರವೇ ಹೇಳಬೇಕು. ಹೊಸ ಮರವು ಹೇಳುವುದು ಹೊಸ ಬಡಗಿಯ ಮಾತನ್ನು.

ಈಚೆಗೆ ಸಂಗ್ರಹಾಲಯದವರು ಹಿಡಿದಿರುವ ದಾರಿ ಬೇರೆ. ಮರಕ್ಕೆ ಕೈಹಚ್ಚುವುದಕ್ಕಿಂತ ಮೊದಲು ಗಾಳಿಯ ತೇವವನ್ನು ವರ್ಷವಿಡೀ ಒಂದೇ ಹದದಲ್ಲಿರಿಸುವರು. ಅಳೆದು, ಚಿತ್ರಿಸಿ, ಬರೆದಿಟ್ಟು, ಅನಿವಾರ್ಯವಾದಷ್ಟನ್ನೇ ಬಿಡಿಸಬಹುದಾದ ಅಂಟಿನಿಂದ ಸರಿಪಡಿಸುವರು. ಕೇಳುವ ಆಸೆಯನ್ನು ಪ್ರತಿಕೃತಿಗಳು ತೀರಿಸುತ್ತವೆ. ಲೈಪ್ಜಿಗ್ಗಿನ ಮೂಕವಾದ್ಯದ ಅಳತೆಗಳನ್ನು ಅನುಸರಿಸಿ ಹಲವು ನಿರ್ಮಾಪಕರು ಹೊಸ ಪಿಯಾನೋಗಳನ್ನು ಕಟ್ಟಿದ್ದಾರೆ. ಇಂದು ಕಛೇರಿಗಳಲ್ಲಿ ಕ್ರಿಸ್ಟೋಫೋರಿಯ ಪಿಯಾನೋ ಎಂದು ಕೇಳಿಬರುವುದು ಬಹುಮಟ್ಟಿಗೆ ಇವುಗಳ ಧ್ವನಿಯೇ.